ಬೆಲ್ಟಿಲ್ಲದ ಸಿಪಾಯಿ

ಲಕ್ಷ್ಮೇಶ್ವರ
೧೨ ಅಕ್ಟೋಬರ್ ೨೦೨೫

ಶ್ರೀಮತಿ ಕೌಸರ ಬೆಟಗೇರಿ ಅವರಿಗೆ,

ನನ್ನ ಪರಿಚಯ ನಿಮಗಿಲ್ಲ. ನಾನು ದೇವೇಂದ್ರಪ್ಪ ಸಿಪಾಯಿ, ನಿವೃತ್ತ ಇತಿಹಾಸ ಶಿಕ್ಷಕ. ಮನೆ ಸೋಮೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ. ಹುಬ್ಬಳ್ಳಿಯ ಗೊಂಬೆ ಅಂಗಡಿಯೊಂದರಲ್ಲಿ ನೀವು ಬಣ್ಣ ಹಚ್ಚಿದ ಬ್ಯಾಂಡಿನವರ ಸೆಟ್ ನೋಡಿದೆ. ಹೆಬ್ಬೆರಳಿಗಿಂತ ಗಿಡ್ಡ ಮನುಷ್ಯನ ಅಂಗಿಗೆ ಐದು ಗುಂಡಿ, ಐದನ್ನೂ ಎಣಿಸಬಹುದಾಗಿತ್ತು. ಅಂಗಡಿಯವರು ನಿಮ್ಮ ವಿಳಾಸ ಕೊಟ್ಟರು. ಫೋನ್ ನಂಬರನ್ನೂ ಕೊಟ್ಟರು, ಆದರೆ ನನಗೆ ಹತ್ತು ವರ್ಷದಿಂದ ಕಿವಿ ಕೇಳಿಸುವುದಿಲ್ಲ. ಮೊಬೈಲಿನಲ್ಲಿ ಅಕ್ಷರ ಒತ್ತಲು ತಾಳ್ಮೆಯೂ ಇಲ್ಲ. ಆದ್ದರಿಂದ ಕಾಗದ.

ನಾನು ಮತ್ತು ಮುಂಡರಗಿಯ ಮೂವರು ಗೆಳೆಯರು ಮೇಜಿನ ಮೇಲೆ ಯುದ್ಧ ಆಡುತ್ತೇವೆ. ನಗಬೇಡಿ. ಮೇಜಿನ ಮೇಲೆ ಗುಡ್ಡ, ಹಳ್ಳ, ಠಾಣೆ ಮಾಡಿ, ಸೀಸದ ಸಿಪಾಯಿಗಳನ್ನು ನಿಲ್ಲಿಸಿ, ಅಳತೆ ಪಟ್ಟಿಯಿಂದ ಅಳೆದು ನಡೆಸುತ್ತೇವೆ. ಗುಂಡು ತಾಗಿತೋ ಇಲ್ಲವೋ, ಹೆದರಿ ಓಡಿದನೋ ನಿಂತನೋ ಎಂಬುದನ್ನು ದಾಳ ಹೇಳುತ್ತದೆ. ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷ ನಮ್ಮ ಕಾಲ. ಈ ಸಲ ೧೯೩೭ರಲ್ಲಿ ಅಫಘಾನಿಸ್ತಾನಕ್ಕೆ ಅಂಟಿದ ವಜೀರಿಸ್ತಾನ ಗಡಿಯ ಒಂದು ಬ್ರಿಟಿಷ್ ಠಾಣೆ. ಅಲ್ಲಿ ನಮ್ಮ ಅಜ್ಜ ಕೊಟ್ರಪ್ಪ ಇದ್ದ. ನಮ್ಮ ಅಡ್ಡಹೆಸರು ‘ಸಿಪಾಯಿ’ ಎಂದಾದದ್ದೇ ಅವನಿಂದ.

ಫೆಬ್ರವರಿ ಎಂಟರಂದು ಮುಂಡರಗಿಯಲ್ಲಿ ಇದನ್ನು ಊರವರೆದುರು ಆಡುವವರಿದ್ದೇವೆ. ಅರವತ್ತೆರಡು ಗೊಂಬೆಗಳನ್ನು ಬಸ್ಸಿನ ಪಾರ್ಸಲ್ಲಿನಲ್ಲಿ ಕಳಿಸಿದ್ದೇನೆ. ಸಮವಸ್ತ್ರ ಖಾಕಿ. ಉಳಿದದ್ದು ನಿಮ್ಮ ಕೈಗೆ ಬಿಟ್ಟದ್ದು.

ದೇವೇಂದ್ರಪ್ಪ ಸಿಪಾಯಿ


ಬೆಟಗೇರಿ
೨೦ ಅಕ್ಟೋಬರ್ ೨೦೨೫

ಸರ್,

ಡಬ್ಬಿ ಬಂತು. ಒಂದೊಂದನ್ನೂ ತತ್ತಿ ಸುತ್ತಿದ ಹಾಗೆ ಪೇಪರಿನಲ್ಲಿ ಸುತ್ತಿದ್ದೀರಿ, ಬಿಚ್ಚಲು ಅರ್ಧ ದಿನ ಹೋಯಿತು. ನಮ್ಮ ಅತ್ತೆ ದಿಲಶಾದಬಿ ಒಂದನ್ನು ಅಂಗೈ ಮೇಲೆ ಇಟ್ಟುಕೊಂಡು, “ಇಷ್ಟ ಸಣ್ಣ ಮಂದಿಗೆ ಇಷ್ಟ ದೊಡ್ಡ ಬಂದೂಕ ಯಾರ ಕೊಟ್ಟಾರs?” ಎಂದು ಕೇಳಿದರು. ಎಂಬತ್ತು ವರ್ಷದವರು, ಅವರಿಗೆ ಉತ್ತರ ಕೊಡುವುದು ಕಷ್ಟ.

ಒಂದು ಮಾತು ಕೇಳಬೇಕು. ಖಾಕಿ ಎಂದು ಬರೆದು ಕೈ ತೊಳೆದುಕೊಂಡಿದ್ದೀರಿ. ಖಾಕ್ ಎಂದರೆ ಮಣ್ಣು, ಖಾಕಿ ಎಂದರೆ ಮಣ್ಣಿನ ಬಣ್ಣ. ಯಾವ ಊರಿನ ಮಣ್ಣು? ನಿಮ್ಮ ಲಕ್ಷ್ಮೇಶ್ವರದ್ದು ಕರಿ ಎರೆ, ಶಿರಹಟ್ಟಿಯದು ಕೆಂಪು ಮಸಾರಿ. ನಾವು ನೇಕಾರರು, ಬಣ್ಣಕ್ಕೆ ಹೆಸರು ಸರಿ ಇರದಿದ್ದರೆ ನೂಲೇ ಅದ್ದುವುದಿಲ್ಲ. ಮೂರು ಗೊಂಬೆಗೆ ಮೂರು ಥರ ಹಚ್ಚಿ ಕಳಿಸಿದ್ದೇನೆ: ಒಂದು ಬದಾಮಿ, ಒಂದು ನಶ್ಯದಂಥ ತಪಕೀರು, ಒಂದು ಪೊಲೀಸರದ್ದು. ನೋಡಿ ಹೇಳಿರಿ.

ನಮ್ಮವರು ರಫೀಕ ಮಗ್ಗದ ಮೇಲೆ ಇರುತ್ತಾರೆ. ನಾನು ಕಿಟಕಿಯ ಬಳಿ ಕೂತು ಇವರಿಗೆ ಬಣ್ಣ ಹಚ್ಚುತ್ತೇನೆ. ಮೊದಲು ಕರಿ ಅಸ್ತರ, ಆಮೇಲೆ ತೆಳುವಾಗಿ ಮೂರು ಕೈ, ನೆರಿಗೆಗಳಲ್ಲಿ ಹೊಲಸು ನೀರಿನಂಥ ಬಣ್ಣ ಇಳಿಬಿಡುವುದು. ಕಣ್ಣು ಎಲ್ಲಕ್ಕಿಂತ ಕೊನೆಗೆ, ಸೂಜಿಯಿಂದ. ಕಣ್ಣು ಬರೆದ ಮೇಲೆ ಅವರು ನನ್ನನ್ನು ನೋಡತೊಡಗುತ್ತಾರೆ, ಅದಕ್ಕೆ.

ಕೌಸರ, ಬೆಟಗೇರಿ


ಲಕ್ಷ್ಮೇಶ್ವರ
೨೭ ಅಕ್ಟೋಬರ್ ೨೦೨೫

ಕೌಸರ ಅವರಿಗೆ,

ಮೂವತ್ನಾಲ್ಕು ವರ್ಷ ಪಾಠ ಹೇಳಿದವನಿಗೆ ಖಾಕಿಯ ಪಾಠ ಹೇಳಿದಿರಿ. ಒಪ್ಪಿಕೊಂಡೆ. ಬದಾಮಿಯೇ ಸರಿ, ಆದರೆ ಒಗೆದು ಒಗೆದು ಬಿಸಿಲಿಗೆ ಬಿಳಚಿದ ಬದಾಮಿ. ಪೊಲೀಸ್ ಬಣ್ಣದವನನ್ನು ಗೆಳೆಯರಿಗೆ ತೋರಿಸಿದೆ. ಠಾಣೆಗೆ ಫೌಜದಾರ ಬಂದ ಎಂದು ನಕ್ಕರು.

ಈ ಡಬ್ಬಿಯಲ್ಲಿ ಇನ್ನೂ ಐದು ಗೊಂಬೆಗಳಿವೆ. ಇವೇ ಮುಖ್ಯ. ಆ ಠಾಣೆಯಲ್ಲಿ ನಮ್ಮ ಸೀಮೆಯ ಐವರು ಇದ್ದರು, ಅವರ ಫೋಟೋದ ಝೆರಾಕ್ಸ್ ಇಟ್ಟಿದ್ದೇನೆ. ಫೋಟೋದ ಬೆನ್ನಿಗೆ ಯಾರೋ ಪೆನ್ಸಿಲಿನಿಂದ ಕನ್ನಡದಲ್ಲಿ ಹೆಸರು ಬರೆದಿದ್ದಾರೆ. ಅಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ, ಯಾರು ಬರೆದದ್ದೋ. ಆ ಸಣ್ಣ ಮುಖಗಳಲ್ಲಿ ನಾವು ಕಂಡ ಮುದುಕ ಅಜ್ಜನ ಗುರುತು ಹತ್ತುವುದಿಲ್ಲ, ಹೆಸರೇ ಆಧಾರ. ಎಡದಿಂದ ಬಲಕ್ಕೆ ಹೀಗಿದೆ, ಪ್ರತಿ ಗೊಂಬೆಯ ಪೀಠಕ್ಕೂ ಹೆಸರು ಬರೆಯಬೇಕು:

ಒಂದು, ಮರ್ದಾನಸಾಬ, ಬೆಟಗೇರಿ. ಬರಿದಲೆ, ಬೆಲ್ಟಿಲ್ಲ. ಎರಡು, ವೀರು, ಮುಂಡರಗಿ. ಮದ್ದಿನ ಪೆಟ್ಟಿಗೆಯ ಮೇಲೆ ಕೂತಿದ್ದಾನೆ. ಮೂರು, ಫಕ್ಕೀರಪ್ಪ, ನಾಗಾವಿ. ನಾಲ್ಕು, ಅಲ್ಲಾಉದ್ದೀನ, ಶಿರಹಟ್ಟಿ. ಐದು, ಮಷಿನ್‌ಗನ್ನಿನ ಮೇಲೆ ಕೈ ಇಟ್ಟು ನಿಂತವನು ನಮ್ಮ ಅಜ್ಜ ಕೊಟ್ರಪ್ಪ.

ಒಂದನೆಯವನ ಪೀಠಕ್ಕೆ ‘ಫರಾರಿ ಮರ್ದಾನಸಾಬ’ ಎಂದು ಬರೆಯಿರಿ. ಆಟದಲ್ಲಿ ಉಳಿದವರೆಲ್ಲರಿಗೂ ದಾಳ ಉಂಟು, ಇವನಿಗಿಲ್ಲ. ಗುಂಡು ಹಾರಿದ ಕೂಡಲೇ ಓಡುತ್ತಾನೆ. ನಿಮ್ಮ ಊರಿನವನೆಂದು ಬೇಸರ ಮಾಡಿಕೊಳ್ಳಬೇಡಿ, ಊರಿಗೊಬ್ಬ ಇಂಥವನು ಇದ್ದೇ ಇರುತ್ತಾನೆ.

ದೇವೇಂದ್ರಪ್ಪ ಸಿಪಾಯಿ


ಬೆಟಗೇರಿ
೩ ನವೆಂಬರ್ ೨೦೨೫

ದೇವೇಂದ್ರಪ್ಪ ಸರ್,

ಈ ಕಾಗದ ಹಾಕುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ.

ಬೆಟಗೇರಿ ನನ್ನ ಅಡ್ಡಹೆಸರಲ್ಲ, ಊರಷ್ಟೇ. ನನ್ನ ಹೆಸರು ಕೌಸರ ರಫೀಕ ಫರಾರಿ. ರೇಶನ್ ಕಾರ್ಡಿನಲ್ಲಿ ಹಾಗಿದೆ, ಕರೆಂಟಿನ ಬಿಲ್ಲಿನಲ್ಲಿ ಹಾಗಿದೆ, ಮಗಳು ಗುಲ್ನಾಜಳ ಶಾಲೆಯ ದಾಖಲೆಯಲ್ಲಿ ಹಾಗಿದೆ. ನಮ್ಮ ಸೀಮೆಯಲ್ಲಿ ಅಡ್ಡಹೆಸರು ಹೇಗೆ ಅಂಟುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಮೆಣಸಿನಕಾಯಿ ಮಾರಿದವರು ಮೆಣಸಿನಕಾಯಿ ಆದರು, ನಿಮ್ಮವರು ಸಿಪಾಯಿ ಆದರು, ನಮ್ಮವರು ಫರಾರಿ ಆದರು. ನೀವು ಓಡಿಸುವ ಮರ್ದಾನಸಾಬ ರಫೀಕರ ಅಜ್ಜ.

ಅವನು ಮಗ್ಗ ಬಿಟ್ಟು ಪಲ್ಟಣಿಗೆ ಸೇರಿದಾಗ ಮಗ ಹಾಲು ಕುಡಿಯುವ ಕೂಸು. ತಿರುಗಿ ಬರಲಿಲ್ಲ. ಸರ್ಕಾರದಿಂದ ಇಂಗ್ಲೀಷಿನ ಕಾಗದ ಬಂತು, ‘ಪತ್ತೆ ಇಲ್ಲ’ ಎಂದು ಅದರಲ್ಲಿತ್ತಂತೆ. ಕೆಲವು ತಿಂಗಳ ಮೇಲೆ ಲಕ್ಷ್ಮೇಶ್ವರದ ಕಡೆಯ ಒಬ್ಬ ಸಿಪಾಯಿ ಓಣಿಗೆ ಬಂದ. ಒಳಗೆ ಬಾ ಎಂದರೆ ಬರಲಿಲ್ಲ, ನೀರು ಕೊಟ್ಟರೆ ಮುಟ್ಟಲಿಲ್ಲ. “ಅಂವ ಓಡಿಹೋದ. ಹಾದಿ ಕಾಯಬ್ಯಾಡ್ರಿ” ಎಂದು ಎಲ್ಲರೆದುರು ಹೇಳಿ ಹೋದ. ಇದನ್ನು ಅತ್ತೆಗೆ ಅವರ ಅತ್ತೆ ಹೇಳಿದ್ದು. ಅಂದಿನಿಂದ ನಾವು ಫರಾರಿ.

ಗುಲ್ನಾಜ ಹತ್ತನೇ ಇಯತ್ತೆ. ತರಗತಿಯಲ್ಲಿ ಹಾಜರಿ ಕರೆದಾಗ ದಿನಾ ನಗುತ್ತಾರೆ. “ಪಾಸಾದ್ರೂ ಫರಾರಿ, ನಪಾಸಾದ್ರೂ ಫರಾರಿ. ನಾ ಪರೀಕ್ಷಾಕ ಕುಂಡ್ರಂಗಿಲ್ಲ” ಎನ್ನುತ್ತಾಳೆ. ಹೆಸರು ತಿದ್ದಲು ಫೆಬ್ರವರಿ ಹದಿನೈದರ ತನಕ ಸಮಯವಿದೆ, ಅಪ್ಪನ ಸಹಿ ಬೇಕು. ರಫೀಕ ಹಾಕುವುದಿಲ್ಲ. “ಹೆಸರ ಬಿಟ್ಟ್ ಓಡಿದ್ರ ಮತ್ತ ಫರಾರಿನ ಆದಂಗಾತಲ್ಲ” ಎನ್ನುತ್ತಾರೆ. ಮನೆಯಲ್ಲಿ ಅಪ್ಪ ಮಗಳ ಮಾತು ನಿಂತು ಇಪ್ಪತ್ತು ದಿನವಾಯಿತು.

ಇಂಥಾದ್ದರಲ್ಲಿ ನೀವು ಆ ಹೆಸರನ್ನು ಮುಂಡರಗಿಯಲ್ಲಿ ಮೇಜಿನ ಮೇಲೆ ಇಡುವವರಿದ್ದೀರಿ. ಬರೆಯುವ ಕೈ ನನ್ನದು.

ಇದನ್ನು ಓದಿದರೆ ನೀವು ಗೊಂಬೆಗಳನ್ನು ಬೇರೆಯವರಿಗೆ ಕೊಡುತ್ತೀರಿ, ಬೇರೆಯವರು ಬರೆಯುತ್ತಾರೆ. ಬೇಡ, ಹಾಕುವುದಿಲ್ಲ. ಮಗ್ಗದ ಮೇಲಿನ ಗೂಡಿನಲ್ಲಿ ಇಡುತ್ತೇನೆ.

ಕೌಸರ


ಬೆಟಗೇರಿ
೧೬ ನವೆಂಬರ್ ೨೦೨೫

ಸರ್,

ಮಗಳಿಗೆ ಜ್ವರ ಇತ್ತು, ತಡವಾಯಿತು. ನಲವತ್ತು ಗೊಂಬೆ ಮುಗಿದಿವೆ, ಕಳಿಸಿದ್ದೇನೆ.

ಐವರದು ಇನ್ನೂ ಹಿಡಿದಿಲ್ಲ. ಝೆರಾಕ್ಸಿನಲ್ಲಿ ಎಲ್ಲ ಕರಿ. ಕೂತವನ ಎಡಗೈಯಲ್ಲಿ ನಾಲ್ಕೇ ಬೆರಳು ಕಾಣುತ್ತವೆ, ಗೊಂಬೆಗೆ ಐದಿವೆ. ಒಂದನ್ನು ಕತ್ತರಿಸಲೇ? ಒಂದನೆಯವನಿಗೆ ಬೆಲ್ಟು, ತಲೆಯ ಪಟಕ ಯಾಕಿಲ್ಲ? ಮುಖಕ್ಕೆ ಯಾವ ಬಣ್ಣ ಹಚ್ಚಬೇಕೆಂದು ತಿಳಿಯಬೇಕಾದರೆ ಆಗಿದ್ದೇನು ಎಂದು ಗೊತ್ತಿರಬೇಕು. ಹೆದರಿದವನ ಮುಖ ಬೇರೆ, ಬೈಸಿಕೊಂಡವನ ಮುಖ ಬೇರೆ.

ಆಗುವುದಾದರೆ ಮೂಲ ಫೋಟೋ ಕಳಿಸಿರಿ. ಜೋಪಾನ ಮಾಡುತ್ತೇನೆ.

ಕೌಸರ, ಬೆಟಗೇರಿ


ಲಕ್ಷ್ಮೇಶ್ವರ
೨೨ ನವೆಂಬರ್ ೨೦೨೫

ಕೌಸರ ಅವರಿಗೆ,

ಮಗಳು ಗುಣವಾದಳೆಂದು ತಿಳಿಯುತ್ತೇನೆ. ನಲವತ್ತೂ ಚೆನ್ನಾಗಿವೆ. ಪಟ್ಟಿ ಸುತ್ತಿದ ಕಾಲುಗಳನ್ನು ಭೂತಗನ್ನಡಿಯಲ್ಲಿ ನೋಡಿದೆ, ಒಂದೊಂದು ಸುತ್ತೂ ಬೇರೆ ಕಾಣುತ್ತದೆ.

ಬೆರಳು ಐದೇ ಇರಲಿ. ಅದು ಫೋಟೋದ ದೋಷ. ವೀರುವಿನ ಮನೆಯವರು ಮುಂಡರಗಿಯಲ್ಲಿದ್ದಾರೆ, ಅವನಿಗೆ ಹತ್ತೂ ಬೆರಳು ಇದ್ದವು.

ನಡೆದದ್ದು ಹೀಗೆ. ಬೆಳಕು ಹರಿಯುವಾಗ ಠಾಣೆಯ ಮೇಲೆ ದಾಳಿಯಾಯಿತು. ಒಬ್ಬ ಗನ್ ಬಿಡದೆ ಕೂತ, ಅವನಿಂದ ಉಳಿದವರು ಉಳಿದರು. ಒಬ್ಬ ಬಂದೂಕು ಬಿಸಾಕಿ ಗುಡ್ಡ ಇಳಿದು ಓಡಿದ. ಮಧ್ಯಾಹ್ನ ಅವನನ್ನು ಹಿಡಿದು ತಂದರು. ತಪ್ಪಿತಸ್ಥನ ಬೆಲ್ಟು, ಪಟಕ ಕಸಿದುಕೊಳ್ಳುವುದು ಪಲ್ಟಣಿಯ ರಿವಾಜು. ಹಾಗೆಯೇ ಒಂದು ತುದಿಗೆ ಓಡಿದವನನ್ನು, ಇನ್ನೊಂದು ತುದಿಗೆ ನಿಂತವನನ್ನು ನಿಲ್ಲಿಸಿ ಸಾಹೇಬ ಫೋಟೋ ತೆಗೆಸಿದ. ಇದಿಷ್ಟನ್ನು ಅಜ್ಜನೇ ಹೇಳುತ್ತಿದ್ದ. ಮರ್ದಾನ ಆ ಮೇಲೆ ಮತ್ತೆ ಓಡಿದವನು ಸಿಗಲೇ ಇಲ್ಲ. ಅಜ್ಜ ಊರಿಗೆ ಬಂದ ಮೇಲೆ ತಾನಾಗಿ ಬೆಟಗೇರಿಗೆ ಹೋಗಿ ಅವನ ಹೆಂಡತಿಗೆ ವಿಷಯ ತಿಳಿಸಿ ಬಂದನಂತೆ. ಅಷ್ಟು ದೊಡ್ಡ ಮನಸ್ಸು.

ಮೂಲ ಫೋಟೋ ಕಳಿಸಲು ಮನಸ್ಸಿರಲಿಲ್ಲ. ನಮ್ಮ ಅಕ್ಕ ಗದಿಗೆವ್ವ ಎರಡು ದಿನ ಜಗಳಾಡಿದಳು, “ಮುತ್ಯಾನ ಫೋಟೋ ಮಂದಿ ಕೈಯಾಗ ಕೊಡತಿ?” ಎಂದು. ಆದರೂ ರಜಿಸ್ಟರ್ಡ್ ಮಾಡಿದ್ದೇನೆ. ಇರುವುದೊಂದೇ ಪ್ರತಿ.

ದೇವೇಂದ್ರಪ್ಪ ಸಿಪಾಯಿ


ಲಕ್ಷ್ಮೇಶ್ವರ
೨೦ ಡಿಸೆಂಬರ್ ೨೦೨೫

ಶ್ರೀಮತಿ ಕೌಸರ ಅವರಿಗೆ,

ನಾಲ್ಕು ವಾರವಾಯಿತು. ಫೋಟೋ ಮುಟ್ಟಿತೆಂದು ಅಂಚೆಯವರ ಚೀಟಿ ಇದೆ, ನಿಮ್ಮಿಂದ ಒಂದು ಸಾಲಿಲ್ಲ. ಮಗಳ ಜ್ವರ ಮತ್ತೆ ಬಂದಿದ್ದರೆ ತಿಳಿಸಬಹುದಿತ್ತು. ಮುಂಡರಗಿಯ ಕಾರ್ಯಕ್ರಮದ ಹಸ್ತಪತ್ರಿಕೆ ಅಚ್ಚಾಗಿದೆ, ಐವರ ಹೆಸರೂ ಅದರಲ್ಲಿವೆ. ಗೊಂಬೆ ಮುಗಿದಿರಲಿ ಬಿಡಲಿ, ಉತ್ತರ ಬರೆಯಿರಿ.

ದೇವೇಂದ್ರಪ್ಪ ಸಿಪಾಯಿ


ಬೆಟಗೇರಿ
೨೬ ಡಿಸೆಂಬರ್ ೨೦೨೫

ಸರ್,

ಸುಮ್ಮನೆ ಕೂತಿರಲಿಲ್ಲ. ಶಿರಹಟ್ಟಿಗೆ ಹೋಗಿ ಬಂದೆ. ಈಗ ಬರೆಯುವುದನ್ನು ಫೋಟೋ ಇಲ್ಲದೆಯೂ ನೀವು ತಿಳಿಯಬಹುದು, ಯಾಕೆಂದರೆ ಅದರ ಬೆನ್ನು ನಿಮಗೆ ಬಾಯಿಪಾಠ ಇದ್ದೀತು.

ನಮ್ಮ ಮಗ್ಗದಲ್ಲಿ ಬುಟ್ಟಾ ಸೀರೆ ನೇಯುವಾಗ ಅದರ ಮುಖ ಕೆಳಗಿರುತ್ತದೆ. ನಾವು ನೋಡುವುದೆಲ್ಲ ಬೆನ್ನು. ಬಲಗಡೆ ಬರಬೇಕಾದ ಹೂವನ್ನು ನಾವು ಎಡಗಡೆ ನೇಯುತ್ತೇವೆ. ಎಲ್ಲಾದರೂ ಎಳೆ ತಪ್ಪಿದ್ದರೆ ಬೆನ್ನಿಗೆ, ಸರಿಯಾಗಿ ಆ ತಪ್ಪಿನ ಹಿಂದೆ, ಒಂದು ಅಡ್ಡಗೀಟು ಹಾಕುತ್ತೇವೆ. ಹುಟ್ಟಿದ ಕೂಸಿಗೂ ಇದು ಗೊತ್ತು ನಮ್ಮಲ್ಲಿ.

ನಿಮ್ಮ ಫೋಟೋದ ಬೆನ್ನಿಗೆ ಐದು ಹೆಸರಿವೆ, ಒಂದೊಂದರ ಕೆಳಗೂ ಅಂಥದೇ ಅಡ್ಡಗೀಟು. ಅವು ಒಂದೇ ಸಾಲಿನಲ್ಲಿಲ್ಲ. ನಾಲ್ಕು ಮೇಲಿವೆ, ‘ಅಲ್ಲಾಉದ್ದೀನ’ ಎಂಬುದೊಂದು ಕೆಳಗಿದೆ. ಫೋಟೋದಲ್ಲಿ ನಾಲ್ವರು ನಿಂತಿದ್ದಾರೆ, ಒಬ್ಬ ಕೂತಿದ್ದಾನೆ. ನಾನು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕೆಳಗಿನ ಹೆಸರು ಹೋಗಿ ಕೂತವನ ಎದೆಯ ಮೇಲೆ ಬಿತ್ತು. ಬರೆದವನು ಪ್ರತಿಯೊಬ್ಬನ ಹೆಸರನ್ನು ಅವನವನ ಬೆನ್ನಿಗೇ ಬರೆದಿದ್ದಾನೆ, ನೇಕಾರ ಬರೆಯುವ ಹಾಗೆ. ನೀವು ಬೆನ್ನನ್ನು ಎಡದಿಂದ ಬಲಕ್ಕೆ ಓದಿ, ಅದೇ ಸಾಲನ್ನು ತಂದು ಮುಖದ ಮೇಲೂ ಎಡದಿಂದ ಬಲಕ್ಕೆ ಇಟ್ಟಿರಿ. ಎಲ್ಲ ತಿರುವುಮುರುವಾಯಿತು.

ನನ್ನ ಮಾತು ಬೇಡ. ಶಿರಹಟ್ಟಿಯಲ್ಲಿ ಅಲ್ಲಾಉದ್ದೀನರ ಮೊಮ್ಮಗ ಯೂಸುಫ ಟೇಲರ್ ಅಂಗಡಿ ಇಟ್ಟಿದ್ದಾನೆ. ಕೇಳಿದೆ. “ಮುತ್ಯಾಂದು ಎಡಗೈ ಕಿರಿಬಳ್ಳ ಸಣ್ಣಾಂವ ಇದ್ದಾಗ ಗಾಣದಾಗ ಹೋಗಿತ್ರಿ” ಎಂದ. ನೀವು ಫೋಟೋದ ದೋಷ ಎಂದ ಬೆರಳು ಅದೇ.

ಕೂತವನು ಅಲ್ಲಾಉದ್ದೀನ ಆದರೆ ಬೆಲ್ಟಿಲ್ಲದವನ ಬೆನ್ನಿಗೆ ಇರುವ ಹೆಸರು ಕೊಟ್ರಪ್ಪ. ಗನ್ನಿನ ಮೇಲೆ ಕೈ ಇಟ್ಟವನ ಬೆನ್ನಿಗೆ ಇರುವುದು ಮರ್ದಾನಸಾಬ.

ಇದನ್ನು ಓದಿ ನಿಮಗೆ ಏನಾಗುತ್ತದೆ ಎಂದು ನನಗೆ ಗೊತ್ತಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಒಂದನೆಯ ಗೊಂಬೆಗೆ ಆ ಹೆಸರು ಬರೆಯಲು ನನ್ನ ಕೈ ಬರುವುದಿಲ್ಲ.

ಕೌಸರ, ಬೆಟಗೇರಿ


ಲಕ್ಷ್ಮೇಶ್ವರ
೨ ಜನವರಿ ೨೦೨೬

ಶ್ರೀಮತಿ ಕೌಸರ ಅವರಿಗೆ,

ನಾನು ಕೇಳಿದ್ದು ಬಣ್ಣವನ್ನು, ತೀರ್ಪನ್ನಲ್ಲ.

ಯಾವನೋ ಟೇಲರ್ ಹೇಳಿದ ಬೆರಳು, ಯಾವುದೋ ಮಗ್ಗದ ಗೀಟು ಹಿಡಿದು ನಮ್ಮ ಅಜ್ಜನ ಬೆಲ್ಟು ಬಿಚ್ಚಲು ಹೊರಟಿದ್ದೀರಿ. ಈ ಊರಲ್ಲಿ ನಮ್ಮ ಮನೆಯ ಕಡೆ ಬೆರಳು ತೋರಿಸಿ ಮಾತಾಡಿದವರಿಲ್ಲ. ಎಂದೋ ಅಳಿದುಹೋದ ಒಬ್ಬನಿಗಾಗಿ, ಹೇಳುವವರು ಕೇಳುವವರು ಇಲ್ಲದವನಿಗಾಗಿ, ನಿಮಗೇಕೆ ಇಷ್ಟು ಸಂಕಟ? ಗದಿಗೆವ್ವಳಿಗೆ ನಿಮ್ಮ ಕಾಗದ ಓದಿ ಹೇಳಿದೆ. “ನಾ ಹೇಳಿದ್ನಿಲ್ಲೋ ಕೊಡಬ್ಯಾಡಂತ” ಎಂದಳು.

ಆ ಫೋಟೋ ನಮ್ಮ ಮನೆಯದು. ಎಂಟು ದಿನದೊಳಗೆ ತಿರುಗಿ ಕಳಿಸಬೇಕು. ಐದು ಗೊಂಬೆಗಳನ್ನೂ ಕಳಿಸಿರಿ, ಹೆಸರು ಬರೆಯುವವರು ಬೇರೆ ಸಿಗುತ್ತಾರೆ.

ದೇವೇಂದ್ರಪ್ಪ ಸಿಪಾಯಿ


ಬೆಟಗೇರಿ
೯ ಜನವರಿ ೨೦೨೬

ಸರ್,

ಏಳನೆಯ ದಿನ ಕಳಿಸುತ್ತಿದ್ದೇನೆ.

ಫೋಟೋ ಇದರಲ್ಲಿದೆ. ಜೊತೆಗೆ ನವೆಂಬರ್ ಮೂರರಂದು ನಿಮಗೆ ಬರೆದು ಗೂಡಿನಲ್ಲಿಟ್ಟ ಒಂದು ಕಾಗದವೂ ಇದೆ. ಮೊದಲು ಅದನ್ನು ಓದಿರಿ, ನನಗೇಕೆ ಸಂಕಟ ಎಂದು ಅದರಲ್ಲಿದೆ. ಮಗಳಿಗೆ ಜ್ವರ ಬಂದಿರಲಿಲ್ಲ, ಅದು ಸುಳ್ಳು. ಕ್ಷಮಿಸಿರಿ.

ಫೋಟೋ ಕಳಿಸುವ ಮಾತಿಗೆ ರಫೀಕ ಎದ್ದು ನಿಂತರು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ನನ್ನ ಮೇಲೆ ದನಿ ಎತ್ತಿರಲಿಲ್ಲ, ಅಂದು ಎತ್ತಿದರು. “ಎಂಬತ್ತೆಂಟ ವರ್ಷ ಆದಮ್ಯಾಲ ಒಂದs ಒಂದ ಸಾಕ್ಷಿ ಸಿಕ್ಕೈತಿ. ಅದನ್ನ ಅವರ ಕೈಯಾಗs ಕೊಡತೀ? ಅವರ ಒಲಿ ಉರೀತಿರ್ತೈತಿ, ಗೊತ್ತಿರಲಿ” ಎಂದರು. ಮೊಬೈಲಿನಲ್ಲಿ ಫೋಟೋ ಹೊಡೆದು ಇಟ್ಟುಕೋ ಎಂದಳು ಗುಲ್ನಾಜ. ಹೊಡೆದುಕೊಂಡೆವು. ಆದರೆ ಕಿಟಕಿಗೆ ಹಿಡಿದರೆ ಹೆಸರು ಹೋಗಿ ಎದೆಯ ಮೇಲೆ ಬೀಳುವುದು ಮೂಲದಲ್ಲಿ ಮಾತ್ರ. ಮೊಬೈಲಿನದನ್ನು ಯಾರು ನಂಬುತ್ತಾರೆ?

ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಂಡರೆ ನೀವು ನಮ್ಮನ್ನು ಕಳ್ಳರು ಎನ್ನುತ್ತೀರಿ. ಮಗಳಿಗೆ ಫರಾರಿ ಎಂಬುದರ ಮೇಲೆ ಅದೊಂದು ಬೇರೆ ಬೇಡ.

ಅತ್ತೆಗೆ ನಿಮ್ಮ ಹಿಂದಿನ ಕಾಗದ ಓದಿ ಹೇಳಿದೆ, ಅಜ್ಜ ಬೆಟಗೇರಿಗೆ ಬಂದು ತಿಳಿಸಿ ಹೋದ ಭಾಗ. “ಅದಕ್ಕs ನೀರ ಮುಟ್ಟಲಿಲ್ಲೇನೋ ಅಂವ” ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಉಳಿದ ಗೊಂಬೆಗಳ ಜೊತೆ ಆ ಐದೂ ಮುಗಿದಿವೆ, ಎಲ್ಲ ಇದರಲ್ಲಿವೆ. ಒಂದನೆಯವನಿಗೂ ಐದನೆಯವನಿಗೂ ಮನಸ್ಸಿಟ್ಟೇ ಹಚ್ಚಿದ್ದೇನೆ. ಬೆಲ್ಟಿಲ್ಲದವನ ಮುಖಕ್ಕೆ ಹೆದರಿಕೆ ಬರೆಯಲಿಲ್ಲ, ನಾಚಿಕೆಯನ್ನೂ ಬರೆಯಲಿಲ್ಲ. ಇಪ್ಪತ್ತೈದು ವರ್ಷದ ಹುಡುಗ, ಅಷ್ಟೇ ಕಂಡಿತು ನನಗೆ. ಇಬ್ಬರ ಪೀಠವನ್ನೂ ಖಾಲಿ ಬಿಟ್ಟಿದ್ದೇನೆ. ಹೆಸರು ನೀವೇ ಬರೆಯಿರಿ.

ಕೌಸರ ರಫೀಕ ಫರಾರಿ


ಬೆಟಗೇರಿ
೧ ಫೆಬ್ರವರಿ ೨೦೨೬

ಸರ್,

ಮುಟ್ಟಿದೆ ಎಂದು ಅಂಚೆಯವರು ಹೇಳಿದರು. ನಿಮ್ಮಿಂದ ಏನೂ ಬರಲಿಲ್ಲ. ಬೈದಾದರೂ ಒಂದು ಕಾರ್ಡು ಬರೆಯಬಹುದಿತ್ತು.

ಮುಂಡರಗಿಯ ಹಸ್ತಪತ್ರಿಕೆ ನಮ್ಮ ಓಣಿಗೂ ಬಂದಿದೆ. ಅದರಲ್ಲಿ ಅಚ್ಚಾದದ್ದನ್ನು ಗುಲ್ನಾಜ ಓದಿದಳು, ಮಡಚಿ ಪುಸ್ತಕದಲ್ಲಿ ಇಟ್ಟುಕೊಂಡಳು. ಹದಿನೈದಕ್ಕೆ ಅವಳ ಗಡುವು. ರಫೀಕರ ಸಹಿ ಇನ್ನೂ ಆಗಿಲ್ಲ.

ಎಂಟಕ್ಕೆ ನಾವು ಬರುತ್ತೇವೋ ಇಲ್ಲವೋ ಗೊತ್ತಿಲ್ಲ. ಬಂದರೂ ನಿಮಗೆ ನಮ್ಮ ಮುಖ ಪರಿಚಯ ಇಲ್ಲ.

ಕೌಸರ


ಲಕ್ಷ್ಮೇಶ್ವರ
೯ ಫೆಬ್ರವರಿ ೨೦೨೬

ಕೌಸರ ಅವರಿಗೆ,

ತಿಂಗಳು ಪೂರ್ತಿ ಉತ್ತರ ಬರೆಯದವನ ಕಾಗದವಿದು. ಓದಿರಿ ಎಂದು ಕೇಳುವ ಹಕ್ಕೂ ನನಗಿಲ್ಲ, ಆದರೂ ಓದಿರಿ.

ರಫೀಕರು ಹೇಳಿದ್ದು ಸುಳ್ಳಲ್ಲ. ಫೋಟೋ ಬಂದ ದಿನ ಅದನ್ನು ಒಲೆಯ ತನಕ ಒಯ್ದಿದ್ದೆ. ಗದಿಗೆವ್ವ ಗ್ಯಾಸ್ ಹಚ್ಚಿಯೇ ಇಟ್ಟಿದ್ದಳು. ಕಡೆಗೊಂದು ಸಲ ಎಂದು ಕಿಟಕಿಗೆ ಹಿಡಿದೆ. ನೀವು ಬರೆದಂತೆ ಹೆಸರುಗಳು ಹೋಗಿ ಅವರವರ ಎದೆಯ ಮೇಲೆ ಕೂತವು. ಒಂದೂ ಅತ್ತಿತ್ತ ಆಗಲಿಲ್ಲ.

ನಿಮಗೆ ನಾನು ಒಂದು ವಿಷಯ ಬರೆದಿರಲಿಲ್ಲ. ಅಜ್ಜ ಬದುಕಿರುವ ತನಕ ಬೆಲ್ಟು ಮುಟ್ಟಲಿಲ್ಲ. ಧೋತರಕ್ಕೆ ಉಡದಾರ, ಚಣ್ಣಕ್ಕೆ ಹಗ್ಗ. ಎಂಟನೇ ಇಯತ್ತೆಯಲ್ಲಿ ನಾನು ಎನ್‌ಸಿಸಿಯ ಬೆಲ್ಟು ಬಿಗಿದುಕೊಂಡು ಮನೆಗೆ ಬಂದೆ. ಅಜ್ಜ ಕಟ್ಟೆಯ ಮೇಲೆ ಕೂತಿದ್ದವನು ಎದ್ದ. “ಬಿಚ್ಚೋ ಅದನ್ನ, ಯಾರರ ಕಸಗೊಳ್ಳೂದರಾಗ ಬಿಚ್ಚೋ” ಎಂದ. ನಾನು ಬಿಚ್ಚಿ ಒಳಗೆ ಇಡುವ ತನಕ ಕೂರಲಿಲ್ಲ. ಯುದ್ಧ ಕಂಡವನು, ಹೀಗೇ ಇರುತ್ತಾನೆ ಎಂದು ಮನೆಯವರೆಲ್ಲ ತಿಳಿದೆವು. ಇತಿಹಾಸ ಓದಿದವನು ನಾನು, ಬೆಲ್ಟು ಕಸಿಯುವುದು ಯಾರಿಂದ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಐವತ್ತೇಳು ವರ್ಷ ಗೊತ್ತಿಲ್ಲದವನಂತೆ ಇದ್ದೆ.

ಅಕ್ಷರ ಬಾರದ ಅಜ್ಜ ಆ ಫೋಟೋವನ್ನು ಸಾಯುವ ತನಕ ಹರಿಯಲಿಲ್ಲ, ಬಿಸಾಡಲಿಲ್ಲ. ಬಾಯಿಂದ ಸುಳ್ಳು ಹೇಳಿದ, ಆದರೆ ಇದೊಂದನ್ನು ಇಟ್ಟುಕೊಂಡ. ಅವನು ಉಳಿಸಿದ್ದನ್ನು ನಾನು ಸುಟ್ಟರೆ ಅವನಿಗಿಂತ ದೊಡ್ಡ ಹೇಡಿ ನಾನಾಗುತ್ತೇನೆ ಎನಿಸಿತು. ಒಲೆ ಆರಿಸಿದೆ. ಗದಿಗೆವ್ವ ಅಂದಿನಿಂದ ನನ್ನೊಡನೆ ಉಣ್ಣುವುದಿಲ್ಲ. “ಅಜ್ಜನ ಮಾನಾ ಸಂತ್ಯಾಗ ಇಟ್ಟಿ” ಎಂದಷ್ಟೇ ಹೇಳಿದಳು, ಆಡಿದ್ದು ಅದೇ ಕೊನೆಯ ಮಾತು. ಅವಳಿಗೆ ಎಪ್ಪತ್ತೆರಡು, ನನಗೆ ಎಪ್ಪತ್ತು. ಇನ್ನು ಯಾವಾಗ ಮಾತಾಡುತ್ತಾಳೋ.

ಪೀಠಗಳ ಮೇಲೆ ನಾನೇ ಬರೆದೆ. ಐದನೆಯದಕ್ಕೆ: ಮರ್ದಾನಸಾಬ, ಬೆಟಗೇರಿ, ಗನ್ ಬಿಡದವನು. ಒಂದನೆಯದಕ್ಕೆ: ಕೊಟ್ರಪ್ಪ, ಲಕ್ಷ್ಮೇಶ್ವರ. ಅಷ್ಟೇ ಬರೆದೆ, ಮುಂದೆ ನನ್ನಿಂದಾಗಲಿಲ್ಲ. ಆಟಕ್ಕೆ ಮೊದಲು ಎದ್ದು ನಿಂತು ಹಸ್ತಪತ್ರಿಕೆಯಲ್ಲಿ ಅಚ್ಚಾದದ್ದು ತಪ್ಪು ಎಂದು ಹೇಳಿದೆ. ಕಿವುಡನ ದನಿ, ಬೀದಿಯ ತನಕ ಕೇಳಿಸಿತೆಂದು ಗೆಳೆಯರು ಆಮೇಲೆ ಬರೆದು ತೋರಿಸಿದರು.

ಈ ಸಲ ಒಂದನೆಯವನಿಗೂ ದಾಳ ಕೊಟ್ಟೆವು. ಕೊಟ್ರಪ್ಪನ ಪಾಳಿ ಬಂದಾಗ ನಾನೇ ಎಸೆದೆ. ಆರು ಬಿತ್ತು. ಮೇಜಿನ ಮೇಲೆ ನಿನ್ನೆ ಅಜ್ಜ ಓಡಲಿಲ್ಲ.

ಮೇಜಿನ ಆ ತುದಿಗೆ ಒಬ್ಬ ಹೆಣ್ಣುಮಗಳು, ಶಾಲೆಯ ಹುಡುಗಿ, ಅವರ ಹಿಂದೆ ನೂಲಿನ ಎಳೆ ಅಂಟಿದ ಅಂಗಿಯ ಒಬ್ಬ ಗಂಡಸು ಬಂದು ನಿಂತರು. ಹುಡುಗಿ ಬಗ್ಗಿ ಐದನೆಯ ಪೀಠ ಓದಿದಳು. ಕಿವಿ ಹೋದ ಮೇಲೆ ನನಗೆ ತುಟಿ ಓದಲು ಬರುತ್ತದೆ. “ನಮ್ಮ ಮುತ್ಯಾ” ಎಂದಳು. ಗಂಡಸು ಅವಳ ತಲೆಯ ಮೇಲೆ ಕೈ ಇಟ್ಟ. ನಾನು ಹತ್ತಿರ ಬರಬೇಕಿತ್ತು. ಡಬ್ಬಿ ತರುವ ನೆಪ ಮಾಡಿ ಒಳಗೆ ಹೋದೆ. ಓಡುವುದು ನಮ್ಮ ಮನೆಯಲ್ಲಿ ಇನ್ನೂ ಇದೆ ನೋಡಿ.

ಇದರ ಜೊತೆ ಆ ಫೋಟೋ ಇದೆ. ಅದು ನಮ್ಮ ಮನೆಯದೆಂದು ಬರೆದಿದ್ದೆ, ತಪ್ಪು. ಬೆನ್ನಿಗೆ ಹೆಸರು ಬರೆದ ಕೈ ನೇಕಾರನದು, ನಿಮ್ಮ ಮರ್ದಾನಸಾಬನದು. ಮುಖ್ಯೋಪಾಧ್ಯಾಯರಿಗೆ ತೋರಿಸಲು ನನ್ನ ಹೇಳಿಕೆಯನ್ನೂ ಬರೆದು, ಸಹಿ ಮಾಡಿ ಇಟ್ಟಿದ್ದೇನೆ. ನಿಮ್ಮ ಮನೆಯದು ಇನ್ನೊಂದು ವಸ್ತುವೂ ನಮ್ಮಲ್ಲಿ ಉಳಿದಿತ್ತು: ‘ಸಿಪಾಯಿ’ ಎಂಬ ಹೆಸರು. ಅದನ್ನೂ ಕಳಿಸಿದ್ದೇನೆ. ಗುಲ್ನಾಜ ಬರೆದುಕೊಳ್ಳಲಿ, ರಫೀಕರು ಸಹಿ ಹಾಕಲಿ. ಇದು ಹೆಸರು ಬಿಟ್ಟು ಓಡಿದಂತೆ ಆಗುವುದಿಲ್ಲ, ತಮ್ಮದನ್ನು ತಾವು ತೆಗೆದುಕೊಂಡಂತೆ.

ನಮ್ಮದು ಒಂದು ಎಂಬತ್ತೆಂಟು ವರ್ಷದಿಂದ ನಿಮ್ಮ ಹತ್ತಿರ ಇದೆ. ಎಂಟು ದಿನದೊಳಗೆ ತಿರುಗಿ ಕಳಿಸಬೇಕು.

ದೇವೇಂದ್ರಪ್ಪ ಫರಾರಿ